ಪ್ಲಾಸ್ಮಾ ಸಾಧನದ ಓಝೋನ್: ಮೂಗಿನ ಲೆಕ್ಕ ಸಾಲದು

ಪ್ಲಾಸ್ಮಾ ಸಾಧನ ಅಂದರೆ ವಿದ್ಯುತ್ತಿನಿಂದ ಅನಿಲವನ್ನು ಎಲೆಕ್ಟ್ರಾನ್, ಅಯಾನುಗಳಾಗಿ ಒಡೆಯುವ ಯಂತ್ರ. ಅದು ತೆರೆದ ಗಾಳಿಯಲ್ಲಿ ಕೆಲಸ ಮಾಡಿದರೆ ಓಝೋನ್ ಬಂದೇ ಬರುತ್ತದೆ. ವೇಗವಾಗಿ ಓಡುವ ಎಲೆಕ್ಟ್ರಾನ್ ಆಮ್ಲಜನಕದ ಅಣುವಿಗೆ ಬಡಿದು ಅದನ್ನು ಒಡೆಯುತ್ತದೆ. ಹೀಗೆ ಬಿಡಿಯಾದ ಪರಮಾಣು ಇನ್ನೊಂದು ಆಮ್ಲಜನಕದ ಅಣುವಿಗೆ ಸೇರಿದರೆ ಓಝೋನ್. ಆಗ ಉಳಿಯುವ ಶಕ್ತಿಯನ್ನು ಹೊತ್ತೊಯ್ಯಲು ಪಕ್ಕದಲ್ಲಿ ಮೂರನೆಯ ಅಣು ಬೇಕು. ವಾತಾವರಣದ ಒತ್ತಡದಲ್ಲಿ ಅದಕ್ಕೆ ಕೊರತೆಯೇ ಇಲ್ಲ. 1857ರಲ್ಲಿ ಜರ್ಮನಿಯ ಎಂಜಿನಿಯರ್ ವೆರ್ನರ್ ಫಾನ್ ಸೀಮೆನ್ಸ್ ಓಝೋನ್ ತಯಾರಿಸಿದ್ದೂ ಇದೇ ದಾರಿಯಲ್ಲಿ. ಹೀಲಿಯಂ, ಆರ್ಗಾನ್ ಬಳಸಿ ನಳಿಕೆಯಿಂದ ಪ್ಲಾಸ್ಮಾ ಚಿಮ್ಮಿಸುವ ಜೆಟ್‌ಗಳಲ್ಲಿ ಓಝೋನ್ ಕಡಿಮೆ, ಆದರೆ ಸೊನ್ನೆಯಲ್ಲ. ನಳಿಕೆಯಿಂದ ಹೊರಬಂದ ಕೂಡಲೇ ಸುತ್ತಲಿನ ಗಾಳಿ ಬೆರೆಯುತ್ತದೆ ಅಲ್ವಾ?

ಈಗ ಕೆಲಸದ ಜಾಗದ ಗಾಳಿಯಲ್ಲಿ ಓಝೋನ್ ಎಷ್ಟಿರಬಹುದು ಎಂಬ ಮಿತಿ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾದ ನಿಯಮದಲ್ಲಿ 8 ಗಂಟೆಯ ಸರಾಸರಿ 0.1 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ ಅಂದರೆ 1 ಪಿಪಿಎಂ). ಕೆಲಸಗಾರರ ಆರೋಗ್ಯದ ಕುರಿತ ಅಲ್ಲಿನ ಸಂಶೋಧನಾ ಸಂಸ್ಥೆ ನಿಯೋಶ್ ಇನ್ನೂ ಬಿಗಿ: ಯಾವ ಕ್ಷಣದಲ್ಲೂ 0.1 ದಾಟಬಾರದು ಎನ್ನುತ್ತದೆ. 5 ಪಿಪಿಎಂ ಅಂದರೆ ಜೀವಕ್ಕೇ ಅಪಾಯ.

ಒಂದು ಲೆಕ್ಕ ಮಾಡಿ ನೋಡೋಣ. 0.1 ಪಿಪಿಎಂ ಅಂದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 0.2 ಮಿಲಿಗ್ರಾಂ. ಕೋಣೆ 30 ಘನ ಮೀಟರ್ ಇದ್ದರೆ ಒಟ್ಟು 6 ಮಿಲಿಗ್ರಾಂ. ಸಾಧನ ಗಂಟೆಗೆ 60 ಮಿಲಿಗ್ರಾಂ ಬಿಡುತ್ತದೆ ಅಂದುಕೊಳ್ಳಿ. ಕೋಣೆ ಮುಚ್ಚಿದ್ದು, ಓಝೋನ್ ಸ್ವಲ್ಪವೂ ಕರಗದಿದ್ದರೆ, ಆರೇ ನಿಮಿಷಕ್ಕೆ ಮಿತಿ ಮುಟ್ಟುತ್ತದೆ. ನಿಜದಲ್ಲಿ ಗೋಡೆ, ಬಟ್ಟೆ, ಚರ್ಮಕ್ಕೆಲ್ಲ ತಾಗಿ ಒಂದಿಷ್ಟು ಒಡೆದುಹೋಗುತ್ತದೆ. ಆದರೆ ಸಾಧನದ ಹತ್ತಿರ ಬಗ್ಗಿ ನಿಂತವರಿಗೆ ಕೋಣೆಯ ಸರಾಸರಿಗಿಂತ ಜಾಸ್ತಿಯೇ ತಾಗುತ್ತದೆ.

ತುಂಬಾ ಜನ ಎಡವುವುದು ವಾಸನೆಯ ವಿಷಯದಲ್ಲಿ. ಓಝೋನಿನ ಘಾಟು ಮಿತಿಗಿಂತ ಕೆಳಗೇ ಮೂಗಿಗೆ ಗೊತ್ತಾಗುತ್ತದೆ, ಸರಿ. ಆದರೆ ಸ್ವಲ್ಪ ಹೊತ್ತಿಗೆ ಮೂಗು ಒಗ್ಗಿಹೋಗುತ್ತದೆ. ಮೂಗನ್ನು ನಂಬದಿರಲು ಇನ್ನೊಂದು ಕಾರಣ ನನಗೆ ಇದಕ್ಕಿಂತ ಮುಖ್ಯ ಅನ್ನಿಸುತ್ತದೆ. ವಿದ್ಯುತ್ ಶಕ್ತಿ ಹೆಚ್ಚಿಸಿ ಅನಿಲ ಬಿಸಿಯಾದಾಗ ಓಝೋನ್ ಕುಸಿಯುತ್ತದೆ, ನೈಟ್ರೋಜನ್ ಆಕ್ಸೈಡ್‌ಗಳು ಏರುತ್ತವೆ. ನೈಟ್ರಿಕ್ ಆಕ್ಸೈಡ್ ಓಝೋನನ್ನು ತಿಂದು ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಅದೂ ಶ್ವಾಸಕೋಶಕ್ಕೆ ಕೆಟ್ಟದ್ದೇ. ಹಾಗಾಗಿ ಓಝೋನ್ ಮೀಟರಿನ ಅಂಕಿ ಇಳಿಯಿತು ಅಂತ ಸುಮ್ನೆ ನಿರಾಳವಾಗಬೇಡಿ, ಎರಡನ್ನೂ ಅಳೆಯಿರಿ. ಅಳೆಯುವುದು ಉಸಿರಾಡುವ ಎತ್ತರದಲ್ಲಿರಲಿ.

ಓಝೋನನ್ನು ಹುಟ್ಟಿದ ಜಾಗದಲ್ಲೇ ಎಳೆದು ಹೊರಗೆ ಬಿಡುವುದು ಒಳ್ಳೆಯದು. ಇಲ್ಲವೇ ಮ್ಯಾಂಗನೀಸ್ ಡೈಆಕ್ಸೈಡ್ ಇರುವ ಫಿಲ್ಟರ್ ಮೂಲಕ ಹಾಯಿಸಿ. ಕೊಳವೆಗೆ ಮಾಮೂಲಿ ರಬ್ಬರ್ ಬೇಡ, ಓಝೋನ್ ತಾಗಿ ಬಿರುಕು ಬಿಡುತ್ತದೆ, ಟೆಫ್ಲಾನ್ ತಡೆಯುತ್ತದೆ. ಸರ್ಜಿಕಲ್ ಮಾಸ್ಕ್ ಇಲ್ಲಿ ಉಪಯೋಗಕ್ಕೆ ಬಾರದು, ಓಝೋನ್ ಅನಿಲವಾದ್ದರಿಂದ ಬಟ್ಟೆಯನ್ನು ದಾಟಿ ಒಳಗೆ ಬರುತ್ತದೆ.