ದತ್ತಿನಿಧಿ: ಭೂಭೌತಶಾಸ್ತ್ರ ಓದುವವರಿಗೆ ಅದೇಕೆ ಬೇಕು

ವಿಶ್ವವಿದ್ಯಾಲಯಗಳ ಘಟಿಕೋತ್ಸವದ ವರದಿಯಲ್ಲಿ ‘ದತ್ತಿ ಚಿನ್ನದ ಪದಕ’, ಸಾಹಿತ್ಯ ಪರಿಷತ್ತಿನ ಆಹ್ವಾನ ಪತ್ರಿಕೆಯಲ್ಲಿ ‘ದತ್ತಿ ಉಪನ್ಯಾಸ’ ಎಂಬ ಮಾತುಗಳನ್ನು ನಾವು ಓದುತ್ತಲೇ ಇರುತ್ತೇವೆ. ಯಾರೋ ತಮ್ಮ ತಂದೆತಾಯಿಯ ಅಥವಾ ಗುರುವಿನ ಹೆಸರಿನಲ್ಲಿ ಒಂದು ಮೊತ್ತವನ್ನು ಸಂಸ್ಥೆಗೆ ಒಪ್ಪಿಸಿರುತ್ತಾರೆ. ಸಂಸ್ಥೆ ಅಸಲನ್ನು ಮುಟ್ಟುವುದಿಲ್ಲ. ಅದರಿಂದ ಹುಟ್ಟುವ ಆದಾಯದಲ್ಲಿ ವರ್ಷವರ್ಷವೂ ಪದಕ ಕೊಡುತ್ತದೆ, ಉಪನ್ಯಾಸ ಏರ್ಪಡಿಸುತ್ತದೆ. ಹಾಗೆ ಮುಟ್ಟದೆ ಕಾಪಾಡುವ ಅಸಲಿಗೆ ದತ್ತಿನಿಧಿ ಎನ್ನುತ್ತಾರೆ. ಲೆಕ್ಕಪರಿಶೋಧಕರು ಅದನ್ನೇ ಕಾರ್ಪಸ್ ಅಥವಾ ಮೂಲನಿಧಿ ಎಂದು ಬರೆಯುತ್ತಾರೆ. ಈ ವ್ಯವಸ್ಥೆ ಪದಕಗಳಿಗಿಂತ ಹೆಚ್ಚಾಗಿ ವಿದ್ಯಾರ್ಥಿವೇತನಕ್ಕೆ ಬಳಕೆಯಾಗಬೇಕು ಎಂಬುದು ನನ್ನ ನಂಬಿಕೆ. ಭೂಭೌತಶಾಸ್ತ್ರದಂಥ ಸಣ್ಣ ವಿಷಯಕ್ಕಂತೂ ಇದು ಅತ್ಯಗತ್ಯ. ಏಕೆಂದರೆ ಆ ವಿಷಯಕ್ಕೆ ಹರಿದುಬರುವ ಹಣ ಇಂದು ಇದ್ದಂತೆ ನಾಳೆ ಇರುವುದಿಲ್ಲ.

ಭೂಭೌತಶಾಸ್ತ್ರವೆಂದರೆ ನೆಲವನ್ನು ಅಗೆಯದೆ ಅದರ ಒಳಗನ್ನು ಅರಿಯುವ ವಿದ್ಯೆ. ಕೊಳವೆಬಾವಿ ಕೊರೆಸುವ ಮೊದಲು ಹೊಲದಲ್ಲಿ ನಾಲ್ಕು ಸರಳುಗಳನ್ನು ನೆಟ್ಟು, ವಿದ್ಯುತ್ ಹರಿಸಿ, ನೀರಿನ ಜಾಡು ಹುಡುಕುವವರನ್ನು ನಮ್ಮ ರೈತರು ಕಂಡಿದ್ದಾರೆ. ಅದು ಈ ಶಾಸ್ತ್ರದ ಒಂದು ತುದಿ. ಗೌರಿಬಿದನೂರಿನಲ್ಲಿ 1965ರಿಂದ ಭೂಕಂಪನಮಾಪಕಗಳ ಸಾಲೊಂದು ದೂರದೇಶದ ಭೂಕಂಪಗಳನ್ನೂ ಪರಮಾಣು ಸ್ಫೋಟಗಳನ್ನೂ ಆಲಿಸುತ್ತ ಬಂದಿದೆ. ಅದು ಇನ್ನೊಂದು ತುದಿ. ನಡುವೆ ತೈಲ, ಅದಿರು, ಅಂತರ್ಜಲ, ಅಣೆಕಟ್ಟಿನ ಅಡಿಪಾಯ, ಸುರಂಗ, ಭೂಕುಸಿತ ಎಲ್ಲವೂ ಇವೆ. ದಖ್ಖನ್ ಪ್ರಸ್ಥಭೂಮಿ ಅಲುಗಾಡದ ನೆಲ ಎಂಬ ನಂಬಿಕೆಯನ್ನು 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪ ಅಲುಗಾಡಿಸಿತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಸಾವಿರಾರು ಜನ ಮಡಿದಾಗ ಆ ನಂಬಿಕೆ ಪೂರ್ತಿ ಮುರಿಯಿತು. ಕಲಬುರಗಿ, ಬೀದರ್ ಕಡೆಯವರಿಗೆ ಆ ಕಂಪನದ ನೆನಪು ಇಂದಿಗೂ ಇದೆ. ಇಂಥ ವಿದ್ಯೆಯನ್ನು ಕಲಿಯುವವರ ಸಂಖ್ಯೆ ಮಾತ್ರ ಎಲ್ಲ ದೇಶಗಳಲ್ಲೂ ಕಡಿಮೆ. ಭೌತಶಾಸ್ತ್ರ, ಗಣಿತ ಚೆನ್ನಾಗಿ ಬಲ್ಲ ಹುಡುಗ ಹುಡುಗಿಯರು ಕಂಪ್ಯೂಟರ್ ಕಡೆಗೆ ಹೋಗುತ್ತಾರೆ. ಉಳಿದವರಲ್ಲಿ ಬಹಳ ಮಂದಿಗೆ ಈ ವಿಷಯದ ಹೆಸರೇ ಗೊತ್ತಿರುವುದಿಲ್ಲ.

ಕಡಿಮೆ ವಿದ್ಯಾರ್ಥಿಗಳಿರುವ ಈ ಕ್ಷೇತ್ರಕ್ಕೆ ದಾನ ಕೊಡುವವರು ಬಹುಪಾಲು ತೈಲೋದ್ಯಮದವರು. ತೊಡಕು ಇರುವುದೇ ಅಲ್ಲಿ. 2014ರ ಜೂನ್‌ನಲ್ಲಿ ಕಚ್ಚಾತೈಲ ಪೀಪಾಯಿಗೆ 100 ಡಾಲರಿಗೂ ಮಿಗಿಲಾಗಿತ್ತು. 2016ರ ಜನವರಿಯಲ್ಲಿ 30 ಡಾಲರಿಗಿಂತ ಕೆಳಗೆ ಇಳಿಯಿತು. 1986ರಲ್ಲಿಯೂ ಹಾಗೆಯೇ ಕೆಲವೇ ತಿಂಗಳಲ್ಲಿ ಬೆಲೆ ಅರ್ಧಕ್ಕಿಂತ ಕೆಳಗೆ ಬಿದ್ದಿತ್ತು. 2020ರ ಏಪ್ರಿಲ್ 20ರಂದು ಅಮೆರಿಕದ ವಾಯಿದಾ ಮಾರುಕಟ್ಟೆಯಲ್ಲಿ (ಮುಂದೆ ಕೊಡುವ ಸರಕಿಗೆ ಇಂದೇ ಬೆಲೆ ಗೊತ್ತುಮಾಡುವಲ್ಲಿ) ಬೆಲೆ ಸೊನ್ನೆಗಿಂತಲೂ ಕೆಳಗೆ ಹೋಯಿತು. ಬೆಲೆ ಬಿದ್ದ ವರ್ಷ ಕಂಪನಿಗಳು ಮೊದಲು ನಿಲ್ಲಿಸುವುದು ಹೊಸ ನಿಕ್ಷೇಪಗಳ ಹುಡುಕಾಟವನ್ನು. ಅಂದರೆ ಭೂಭೌತಶಾಸ್ತ್ರಜ್ಞರ ಕೆಲಸವನ್ನೇ. ಆ ವರ್ಷದ ದೇಣಿಗೆಯ ಚೆಕ್ಕೂ ಬರುವುದಿಲ್ಲ. ಹೀಗೆ ವಿದ್ಯಾರ್ಥಿಗೆ ನೌಕರಿಯ ಭರವಸೆಯೂ ವಿದ್ಯಾರ್ಥಿವೇತನವೂ ಒಟ್ಟಿಗೇ ತಪ್ಪುತ್ತವೆ. ಆದರೆ ಇಂದು ಓದಲು ಸೇರಿದವನು ಕೆಲಸಕ್ಕೆ ಬರುವುದು ಐದಾರು ವರ್ಷಗಳ ಮೇಲೆ. ಅಷ್ಟರಲ್ಲಿ ಬೆಲೆ ಮತ್ತೆ ಏರಿ, ಅನುಭವಿಗಳಿಗಾಗಿ ಎಲ್ಲರೂ ಪರದಾಡುತ್ತಿರಬಹುದು. ಅಂತರ್ಜಲಕ್ಕೂ ಭೂಕಂಪಕ್ಕೂ ತೈಲದ ಬೆಲೆಯ ಗೊಡವೆಯೇ ಇಲ್ಲ. ವರ್ಷದ ದೇಣಿಗೆ ಮತ್ತು ದತ್ತಿನಿಧಿ, ಎರಡೂ ಒಳ್ಳೆಯ ಮನಸ್ಸಿನಿಂದ ಬಂದ ಹಣವೇ. ಆದರೆ ಕೆಟ್ಟ ವರ್ಷದಲ್ಲೂ ವಿದ್ಯಾರ್ಥಿಯ ಕೈ ಬಿಡದಿರುವುದು ಎರಡನೆಯದು ಮಾತ್ರ.

ಇದನ್ನು ಆ ಕ್ಷೇತ್ರದ ಜನ ಬೇಗ ಅರ್ಥಮಾಡಿಕೊಂಡರು. 1930ರಲ್ಲಿ ಹ್ಯೂಸ್ಟನ್ ನಗರದಲ್ಲಿ ಹುಟ್ಟಿ, ಮುಂದೆ ಸೊಸೈಟಿ ಆಫ್ ಎಕ್ಸ್‌ಪ್ಲೊರೇಷನ್ ಜಿಯೋಫಿಸಿಸಿಸ್ಟ್ಸ್ ಎಂಬ ಹೆಸರು ಪಡೆದ, ಭೂಭೌತಶಾಸ್ತ್ರಜ್ಞರ ಸಂಘವಾದ ಎಸ್‌ಇಜಿ ಸಂಸ್ಥೆ 1956ರಲ್ಲಿ ವಿದ್ಯಾರ್ಥಿವೇತನದ ಕಾರ್ಯಕ್ರಮವನ್ನು ಆರಂಭಿಸಿತು. ಭೂಭೌತಶಾಸ್ತ್ರ ಕಲಿಯುವವರಿಗಾಗಿ ಕಂಪನಿಗಳೂ ವ್ಯಕ್ತಿಗಳೂ ನಿಧಿಗಳನ್ನು ಸ್ಥಾಪಿಸಲಿ ಎಂಬುದೇ ಅದರ ಉದ್ದೇಶ. ದಾನಿ ತನ್ನ ಹೆಸರನ್ನೋ ತೀರಿಕೊಂಡ ಸಹೋದ್ಯೋಗಿಯ ಹೆಸರನ್ನೋ ನಿಧಿಗೆ ಇಡಬಹುದು; ಆಯ್ಕೆ ಮಾತ್ರ ಸಮಿತಿಯದು. ಅರ್ಜಿದಾರ ಒಂದೇ ಅರ್ಜಿ ಹಾಕಿದರೆ ಸಾಕು, ಅವನಿಗೆ ಹೊಂದುವ ನಿಧಿ ಯಾವುದೆಂದು ಸಂಸ್ಥೆಯೇ ನೋಡುತ್ತದೆ. ಈ ಕ್ರಮ ನನಗೆ ಬಹಳ ಹಿಡಿಸಿದೆ. ಹತ್ತಾರು ಸಣ್ಣ ದತ್ತಿಗಳ ಬಾಗಿಲನ್ನು ಒಂದೊಂದಾಗಿ ತಟ್ಟುವ ಕಷ್ಟ ವಿದ್ಯಾರ್ಥಿಗೆ ತಪ್ಪುತ್ತದೆ.

ಈ ಕ್ಷೇತ್ರದ ದಾನಿಗಳ ವಿಚಾರ ಬಂದಾಗ ಸೆಸಿಲ್ ಗ್ರೀನ್ ಮತ್ತು ಐಡಾ ಗ್ರೀನ್ ದಂಪತಿಯ ಬಗ್ಗೆ ಹೇಳದೆ ಮುಂದೆ ಹೋಗಲಾಗುವುದಿಲ್ಲ. ಸೆಸಿಲ್ ಹುಟ್ಟಿದ್ದು 1900ರಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿ. ಬಾಲ್ಯದಲ್ಲಿಯೇ 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪವನ್ನು ಕಂಡವರು. ಬೆಳೆದದ್ದು ಕೆನಡಾದ ವ್ಯಾಂಕೂವರ್‌ನಲ್ಲಿ, ಎಂಜಿನಿಯರಿಂಗ್ ಓದಿದ್ದು ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ. 1932ರಲ್ಲಿ ಜಿಯೋಫಿಸಿಕಲ್ ಸರ್ವಿಸ್ ಎಂಬ ಕಂಪನಿಗೆ ಸೇರಿ, ಒಕ್ಲಹೋಮದ ತೈಲನಾಡಿನಲ್ಲಿ ಸರ್ವೇ ತಂಡವೊಂದರ ಮುಖ್ಯಸ್ಥರಾದರು. ಸ್ಫೋಟಕ ಸಿಡಿಸಿ, ನೆಲದಾಳದ ಪದರಗಳಿಂದ ಮರಳುವ ಅಲೆಗಳನ್ನು ದಾಖಲಿಸುವ ಕೆಲಸ. ತಂಡ ಹೋದಲ್ಲೆಲ್ಲ ಗಂಡಹೆಂಡಿರ ಸಂಸಾರವೂ ಊರಿಂದೂರಿಗೆ ಅಲೆಯಿತು. 1941ರ ಡಿಸೆಂಬರ್ 6ರಂದು, ಪರ್ಲ್ ಹಾರ್ಬರ್ ದಾಳಿಯ ಹಿಂದಿನ ದಿನ, ಅವರೂ ಮೂವರು ಜೊತೆಗಾರರೂ ಸೇರಿ ಆ ಕಂಪನಿಯನ್ನು ಕೊಂಡರು. ಮುಂದೆ ಎಲೆಕ್ಟ್ರಾನಿಕ್ಸ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಆಗಿ ಬೆಳೆದದ್ದು ಆ ಕಂಪನಿಯೇ.

ದಂಪತಿಗೆ ಮಕ್ಕಳಿರಲಿಲ್ಲ. ಗಳಿಸಿದ ಸಂಪತ್ತಿನಲ್ಲಿ 20 ಕೋಟಿ ಡಾಲರಿಗೂ ಹೆಚ್ಚನ್ನು ಅವರು ವಿದ್ಯೆಗೆ, ವೈದ್ಯಕೀಯಕ್ಕೆ ಕೊಟ್ಟರು ಎಂದು ಲೆಕ್ಕ ಹಾಕಲಾಗಿದೆ. ಎಂಐಟಿಯಲ್ಲಿ 1964ರಲ್ಲಿ ಎದ್ದ ಭೂವಿಜ್ಞಾನದ ಗೋಪುರ, ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ಭೂಭೌತ ಅಧ್ಯಯನ ಕೇಂದ್ರ, ಕೊಲೊರಾಡೊ ಗಣಿ ವಿದ್ಯಾಲಯದ ಕಟ್ಟಡ, ಆಕ್ಸ್‌ಫರ್ಡ್ ಮತ್ತು ವ್ಯಾಂಕೂವರ್‌ನ ಕಾಲೇಜುಗಳು ಅವರ ಹೆಸರನ್ನು ಹೊತ್ತವು. ಕಟ್ಟಡಗಳು ಕಣ್ಣಿಗೆ ಬೀಳುತ್ತವೆ, ನಿಜ. ನನ್ನ ಗೌರವ ಮಾತ್ರ ಬೇರೆ ಎರಡು ಕೆಲಸಗಳಿಗೆ ಹೆಚ್ಚು. ಒಂದು, 1950ರ ದಶಕದಲ್ಲಿ ಗ್ರೀನ್ ಎಂಐಟಿಯ ಜೊತೆಗೂಡಿ ನಡೆಸಿದ ಬೇಸಿಗೆಯ ಯೋಜನೆ: ಕಾಲೇಜು ವಿದ್ಯಾರ್ಥಿಗಳನ್ನು ಸಂಬಳ ಕೊಟ್ಟು ಸರ್ವೇ ತಂಡಗಳ ಜೊತೆ ಕ್ಷೇತ್ರಕ್ಕೆ ಕರೆದೊಯ್ದು ಈ ವಿದ್ಯೆಯ ರುಚಿ ಹತ್ತಿಸುವುದು. ಇನ್ನೊಂದು, ಎಂಐಟಿಯಲ್ಲಿ ಉನ್ನತ ವ್ಯಾಸಂಗಕ್ಕೆ ಸೇರುವ ಮಹಿಳೆಯರಿಗಾಗಿ ಐಡಾ ಅವರ ಹೆಸರಿನಲ್ಲಿರುವ ಫೆಲೋಶಿಪ್. ಸೆಸಿಲ್ 2003ರಲ್ಲಿ ತೀರಿಕೊಂಡಾಗ ಅವರಿಗೆ 102 ವರ್ಷ. ಐಡಾ ಅದಕ್ಕೂ ಬಹಳ ಮೊದಲೇ ಹೋಗಿದ್ದರು. ಆ ಫೆಲೋಶಿಪ್ ಪಡೆಯುವವರು ಇಬ್ಬರನ್ನೂ ಕಂಡವರಾಗಿರಬೇಕಿಲ್ಲ. ದತ್ತಿನಿಧಿಯ ಲಕ್ಷಣವೇ ಅದು: ಕೊಟ್ಟವರಿಗೂ ಪಡೆದವರಿಗೂ ಮುಖಪರಿಚಯ ಇಲ್ಲದೆಯೇ ಕೆಲಸ ನಡೆಯುತ್ತದೆ.

ಕನ್ನಡನಾಡಿಗೆ ಇದು ಹೊರಗಿನಿಂದ ಬಂದ ಕಲ್ಪನೆಯಲ್ಲ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವಿದೆ. ಅರಸನ ಮಂತ್ರಿ ನಾರಾಯಣ ಕಟ್ಟಿಸಿದ ವಿದ್ಯಾಶಾಲೆಗೆ ನಾನಾ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಾಸಕ್ಕೆ 27 ಮನೆಗಳಿದ್ದವು. ಭೂಮಿಯನ್ನು ಬಿಟ್ಟುಕೊಟ್ಟು ಅದರ ಉತ್ಪನ್ನದಲ್ಲಿ ಶಾಲೆ ನಡೆಯುವಂತೆ ಮಾಡಿದ್ದರು. ದೀಪದ ಎಣ್ಣೆಗೂ ಅಧ್ಯಾಪಕನ ಜೀವನಕ್ಕೂ ಬೇರೆ ಬೇರೆ ಭೂಮಿ ಗೊತ್ತುಮಾಡಿದ್ದರು. ಊರಿನವರು ಮದುವೆ, ಉಪನಯನ, ಚೌಲದಂಥ ಶುಭಕಾರ್ಯಗಳಲ್ಲಿ ಇಂತಿಷ್ಟು ಹಣ ಕೊಡಬೇಕೆಂಬ ಕಟ್ಟಳೆಯೂ ಇತ್ತು. ಭೂಮಿ ಮಾರುವಂತಿಲ್ಲ, ಫಸಲು ಮಾತ್ರ ಬಳಸಬೇಕು. ಇಂದಿನ ದತ್ತಿನಿಧಿಯ ನಿಯಮ ಇದಕ್ಕಿಂತ ಬೇರೆಯಲ್ಲ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಭೂಮಿಯ ಫಸಲು ಕಾಲಕ್ಕೆ ತಕ್ಕಂತೆ ಬೆಲೆಯಲ್ಲಿ ಏರುತ್ತದೆ. ಬ್ಯಾಂಕಿನಲ್ಲಿಟ್ಟ ರೂಪಾಯಿ ಹಾಗಲ್ಲ.

ಈ ಒಂದು ಕಾರಣಕ್ಕೆ ನಮ್ಮ ಎಷ್ಟೋ ದತ್ತಿಗಳು ಸೊರಗಿವೆ. ಕೆಲವು ದಶಕಗಳ ಹಿಂದೆ ಕೆಲವೇ ಸಾವಿರ ರೂಪಾಯಿ ಇಟ್ಟು ಸ್ಥಾಪಿಸಿದ ಚಿನ್ನದ ಪದಕಗಳ ಬಡ್ಡಿಗೆ ಇಂದು ಚಿನ್ನದ ಲೇಪವಷ್ಟೇ ಬರುತ್ತದೆ. ಲೆಕ್ಕ ಸರಳವಾಗಿದೆ. 10 ಲಕ್ಷ ರೂಪಾಯಿಯನ್ನು ಶೇ 7ರ ಬಡ್ಡಿಗೆ ಇಟ್ಟರೆ ವರ್ಷಕ್ಕೆ 70,000 ರೂಪಾಯಿ ಬರುತ್ತದೆ. ಅಷ್ಟನ್ನೂ ವಿದ್ಯಾರ್ಥಿಗೆ ಕೊಟ್ಟುಬಿಟ್ಟರೆ ಆ ವರ್ಷ ಸಂತೋಷವೇ. ಆದರೆ ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೆ, ಸುಮಾರು 14 ವರ್ಷಗಳಲ್ಲಿ ಆ 70,000ದ ಕೊಳ್ಳುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಅಸಲಿನ ಶಕ್ತಿ ಕುಗ್ಗಬಾರದೆಂದರೆ ಬಡ್ಡಿಯಲ್ಲಿ 50,000ವನ್ನು ಮರಳಿ ಅಸಲಿಗೇ ಸೇರಿಸಬೇಕು. ಕೊಡಲು ಉಳಿಯುವುದು 20,000 ಮಾತ್ರ. ಅಮೆರಿಕದ ವಿಶ್ವವಿದ್ಯಾಲಯಗಳು ತಮ್ಮ ನಿಧಿಗಳಿಂದ ಸಾಮಾನ್ಯವಾಗಿ ವರ್ಷಕ್ಕೆ ಶೇ 4ರಿಂದ 5ರಷ್ಟನ್ನು ತೆಗೆಯುತ್ತವೆ. ಹಣದ ದೊಡ್ಡ ಪಾಲು ಷೇರುಗಳಲ್ಲಿ ಬೆಳೆಯುವುದರಿಂದ ಅದು ಸಾಧ್ಯ. ನಮ್ಮಲ್ಲಿ ತೆರಿಗೆ ವಿನಾಯಿತಿ ಪಡೆದ ದತ್ತಿ ಸಂಸ್ಥೆ ಹಣವನ್ನು ಎಲ್ಲಿ ತೊಡಗಿಸಬಹುದೆಂದು ಕಾನೂನೇ ಗೊತ್ತುಮಾಡಿದೆ. ಠೇವಣಿ, ಸರ್ಕಾರಿ ಸಾಲಪತ್ರಗಳ ಜೊತೆಗೆ ಮ್ಯೂಚುವಲ್ ಫಂಡ್‌ಗೂ ಅದರಲ್ಲಿ ಜಾಗವಿದೆ. ಆದರೂ ಅನೇಕ ಸಂಸ್ಥೆಗಳು ಠೇವಣಿಯನ್ನು ಬಿಟ್ಟು ಅಲುಗುವುದಿಲ್ಲ. ಆದ್ದರಿಂದ ದತ್ತಿ ಇಡುವವರು ಎಷ್ಟು ಕೊಡುತ್ತೇವೆ ಎಂಬುದರ ಜೊತೆಗೆ, ವರ್ಷಕ್ಕೆ ಎಷ್ಟು ಖರ್ಚಾಗಬೇಕು, ಎಷ್ಟು ಅಸಲಿಗೆ ಸೇರಬೇಕು ಎಂಬುದನ್ನೂ ಬರೆದಿಡಬೇಕು. ವರ್ಷಕ್ಕೆ ಶೇ 3ರಷ್ಟು ಮಾತ್ರ ತೆಗೆಯುವುದಾದರೆ ಒಬ್ಬ ವಿದ್ಯಾರ್ಥಿಗೆ ಒಂದು ಲಕ್ಷ ಕೊಡಲು ಸುಮಾರು 33 ಲಕ್ಷದ ಅಸಲು ಬೇಕು. ಒಬ್ಬರಿಗೆ ಇದು ದೊಡ್ಡ ಮೊತ್ತ. ಒಂದೇ ತರಗತಿಯಲ್ಲಿ ಓದಿ ಈಗ ದುಡಿಯುತ್ತಿರುವ ಮೂವತ್ತು ನಲವತ್ತು ಜನ ಸೇರಿದರೆ ಆಗದ ಮಾತಲ್ಲ.

ಭಾರತದಲ್ಲಿ ಈ ವಿಷಯದ ವಿದ್ಯಾರ್ಥಿಗಳಿಗೆ ನೆರವು ಇಲ್ಲವೆಂದಲ್ಲ. ಎಂಜಿನಿಯರಿಂಗ್, ವೈದ್ಯಕೀಯ, ಎಂಬಿಎ ಜೊತೆಗೆ ಭೂವಿಜ್ಞಾನ ಮತ್ತು ಭೂಭೌತಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳನ್ನೂ ಹೆಸರಿಸಿ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿ ವರ್ಷಕ್ಕೆ 48,000 ರೂಪಾಯಿಯ ವಿದ್ಯಾರ್ಥಿವೇತನ ಕೊಡುತ್ತ ಬಂದಿದೆ. ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳಿಗಾಗಿ ಆರಂಭವಾದ ಯೋಜನೆ ನಂತರ ಹಿಂದುಳಿದ ವರ್ಗಗಳಿಗೂ ಸಾಮಾನ್ಯ ವರ್ಗದ ಬಡವರಿಗೂ ಚಾಚಿಕೊಂಡಿತು. ಬಹಳ ಒಳ್ಳೆಯ ಕೆಲಸ. ಆದರೆ ಅದು ದತ್ತಿನಿಧಿಯಲ್ಲ. ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ಖಾತೆಯಿಂದ ವರ್ಷವರ್ಷ ಬರುವ ಹಣ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಹೀಗೆ ವ್ಯಯಿಸಬೇಕು. ಲಾಭ ಇಳಿದರೆ ಈ ಹಣವೂ ಇಳಿಯುತ್ತದೆ. 2021ರ ಜನವರಿಯ ತಿದ್ದುಪಡಿಯ ನಂತರವಂತೂ ಯಾವುದಾದರೂ ಸಂಸ್ಥೆಯ ಮೂಲನಿಧಿಗೆ ಕೊಟ್ಟ ಹಣ ಸಾಮಾಜಿಕ ಹೊಣೆಗಾರಿಕೆಯ ವೆಚ್ಚವಾಗಿ ಲೆಕ್ಕಕ್ಕೆ ಬರುವುದಿಲ್ಲ. ಎಂದರೆ ದತ್ತಿನಿಧಿ ಕಟ್ಟುವ ಹೊಣೆ ವ್ಯಕ್ತಿಗಳ ಮೇಲೆ, ಹಳೆಯ ವಿದ್ಯಾರ್ಥಿಗಳ ಮೇಲೆ, ಕುಟುಂಬಗಳ ಮೇಲೆ ಬಿದ್ದಿದೆ. 1892ರಲ್ಲಿ ಜಮ್ಶೆಟ್‌ಜಿ ಟಾಟಾ ಸ್ಥಾಪಿಸಿದ ಜೆ.ಎನ್. ಟಾಟಾ ದತ್ತಿ ಇನ್ನೊಂದು ದಾರಿಯನ್ನೂ ತೋರಿಸಿದೆ: ಅದು ವಿದೇಶದಲ್ಲಿ ಓದುವವರಿಗೆ ಕೊಡುವುದು ಸಾಲದ ರೂಪದ ವಿದ್ಯಾರ್ಥಿವೇತನ. ಮರಳಿ ಬಂದ ಹಣ ಮುಂದಿನವರಿಗೆ ಹೋಗುತ್ತದೆ.

ಕರ್ನಾಟಕದಿಂದ ಈ ವಿಷಯ ಓದಲು ಹೊರಟವರು ಬಹುತೇಕ ಹೈದರಾಬಾದ್, ವಿಶಾಖಪಟ್ಟಣ, ಧನಬಾದ್, ಖರಗ್‌ಪುರ, ರೂರ್ಕಿಗಳ ಕಡೆಗೆ ನೋಡಬೇಕಾಗುತ್ತದೆ. ಶುಲ್ಕದ ಜೊತೆಗೆ ಹಾಸ್ಟೆಲು, ರೈಲು, ಕ್ಷೇತ್ರಕಾರ್ಯದ ಖರ್ಚು ಬರುತ್ತದೆ. ಬೋಧನಾ ಶುಲ್ಕವನ್ನಷ್ಟೇ ಕಟ್ಟುವ ವಿದ್ಯಾರ್ಥಿವೇತನಗಳು ಈ ವಿಷಯಕ್ಕೆ ಹೊಂದುವುದಿಲ್ಲವೆಂದು ನನಗೆ ಅನ್ನಿಸುವುದು ಇದಕ್ಕಾಗಿಯೇ. ಬಿಸಿಲಿನಲ್ಲಿ ಕೇಬಲ್ ಎಳೆದು, ಉಪಕರಣ ಹೊತ್ತು, ರಾತ್ರಿ ಕುಳಿತು ದತ್ತಾಂಶ ನೋಡಿದವನಿಗೆ ಮಾತ್ರ ಈ ವಿದ್ಯೆ ಒಲಿಯುತ್ತದೆ. ಕ್ಷೇತ್ರ ಶಿಬಿರಕ್ಕೆ ಹಣವಿಲ್ಲವೆಂದು ಹಿಂದೆ ಉಳಿದ ವಿದ್ಯಾರ್ಥಿ ಶುಲ್ಕ ಮಾಫಿಯಾಗಿದ್ದರೂ ಅರ್ಧ ಶಿಕ್ಷಣ ಪಡೆದಂತೆ. ಅಂಥವರಿಗೆ ಪ್ರಯಾಣ, ವಸತಿ, ಒಳ್ಳೆಯ ಬೂಟು, ಒಂದು ಲ್ಯಾಪ್‌ಟಾಪ್ ಇವುಗಳ ಖರ್ಚನ್ನೂ ದತ್ತಿಯಿಂದ ಭರಿಸುವಂತಿರಬೇಕು.

ದತ್ತಿಯ ಷರತ್ತುಗಳನ್ನು ದತ್ತಿಪತ್ರ ಎಂಬ ದಾಖಲೆಯಲ್ಲಿ ಬರೆಯುತ್ತಾರೆ. ದಾನಿಯ ಪ್ರೀತಿ ಅಲ್ಲಿ ಕೆಲವೊಮ್ಮೆ ಕಟ್ಟುಪಾಡಾಗುತ್ತದೆ. ಇಂಥ ಊರಿನವರೇ ಆಗಬೇಕು, ಇಂಥ ಪರೀಕ್ಷಾ ಪತ್ರಿಕೆಯಲ್ಲಿಯೇ ಪ್ರಥಮ ಬರಬೇಕು ಎಂದು ಬಿಗಿದರೆ ಅರ್ಹರೇ ಸಿಗದೆ ಹಣ ವರ್ಷಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ. ಪಠ್ಯಕ್ರಮ ಬದಲಾಗಿ ಆ ಪತ್ರಿಕೆಯೇ ಇಲ್ಲವಾಗಬಹುದು. ಸಾರ್ವಜನಿಕ ದತ್ತಿಯ ಉದ್ದೇಶ ನೆರವೇರದಂತಾದಾಗ ಅದಕ್ಕೆ ಹತ್ತಿರದ ಉದ್ದೇಶಕ್ಕೆ ಹಣ ತಿರುಗಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಕಲಮಿನಲ್ಲಿ ದಾರಿ ಇದೆ. ಆದರೆ ಅದಕ್ಕೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ‘ಅರ್ಹರು ಸಿಗದಿದ್ದರೆ ಭೂವಿಜ್ಞಾನದ ಯಾವುದೇ ವಿದ್ಯಾರ್ಥಿಗೆ’ ಎಂಬ ಒಂದು ಸಾಲನ್ನು ಆರಂಭದಲ್ಲಿಯೇ ಬರೆದಿಟ್ಟರೆ ಆ ಅಲೆದಾಟ ತಪ್ಪುತ್ತದೆ. ಕೊಡುವಾಗ ‘ಇದು ಮೂಲನಿಧಿಗೆ’ ಎಂದು ಲಿಖಿತವಾಗಿ ಹೇಳುವುದನ್ನೂ ಮರೆಯಬಾರದು; ಹೇಳದಿದ್ದರೆ ಅದು ಸಾಮಾನ್ಯ ದೇಣಿಗೆಯಾಗಿ ಆ ವರ್ಷದ ಖರ್ಚಿಗೆ ಸೇರಿಹೋಗುತ್ತದೆ.

ಹ್ಯೂಸ್ಟನ್, ದುಬೈ, ಪರ್ತ್‌ಗಳ ತೈಲ ಮತ್ತು ಗಣಿ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರು ಊರಿನ ಸಂಸ್ಥೆಯಲ್ಲಿ ಇಂಥ ದತ್ತಿ ಇಡಲು ಬಯಸಿದರೆ ಮೊದಲು ನೋಡಬೇಕಾದದ್ದು ತಮ್ಮ ಪಾಸ್‌ಪೋರ್ಟನ್ನು. ಭಾರತದ ಪೌರತ್ವ ಉಳಿಸಿಕೊಂಡವರು ಬ್ಯಾಂಕಿನ ಮೂಲಕ ಕಳುಹಿಸುವ ವೈಯಕ್ತಿಕ ಉಳಿತಾಯದ ಹಣ ವಿದೇಶಿ ವಂತಿಗೆ ಎನ್ನಿಸಿಕೊಳ್ಳುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರ ಹಣ, ಅವರು ಭಾರತ ಮೂಲದವರೇ ಆಗಿದ್ದರೂ, ವಿದೇಶಿ ವಂತಿಗೆಯೇ ಆಗುತ್ತದೆ. ಅದನ್ನು ಪಡೆಯಲು ಸಂಸ್ಥೆಗೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು. ಇದನ್ನು ಕೇಳಿ ತಿಳಿದುಕೊಂಡ ಮೇಲೆಯೇ ಹಣ ಕಳುಹಿಸುವುದು ಕ್ಷೇಮ.