ಅಶ್ವಗಂಧದ ಡಬ್ಬಿ ಮೇಲಿನ ಶೇ 5, ಅಳೆದದ್ದು ಹೇಗೆ?

ಅಶ್ವಗಂಧದ ಸಾರದ ಡಬ್ಬಿ ಹಿಡಿದು ನಮ್ಮ ಲ್ಯಾಬಿಗೆ ಬರುವವರು ಕೇಳುವುದು ಒಂದೇ: 'ಶೇ 5 ವಿಥನೊಲೈಡ್ ಅಂತ ಬರೆದಿದ್ದಾರೆ, ನಿಜವಾ?' ವಿಥನೊಲೈಡ್ ಅಂದರೆ ಅಶ್ವಗಂಧದ ಗುಣಕ್ಕೆ ಮುಖ್ಯ ಕಾರಣ ಎನ್ನುವ ರಾಸಾಯನಿಕಗಳ ಗುಂಪು. ನಾನು ತಿರುಗಿ ಕೇಳುತ್ತೇನೆ, ಯಾವ ವಿಧಾನದಲ್ಲಿ ಅಳೆದಿದ್ದಾರೆ?

ಹಳೆಯ ವಿಧಾನ ತೂಕದ್ದು. ಸಾರವನ್ನು ದ್ರಾವಕದಲ್ಲಿ ಕರಗಿಸಿ, ಬೇರ್ಪಡಿಸಿ, ಒಣಗಿಸಿ, ಉಳಿದದ್ದನ್ನು ತೂಗುವುದು. ಆ ಉಳಿದದ್ದರಲ್ಲಿ ವಿಥನೊಲೈಡ್ ಜೊತೆಗೆ ಕೊಬ್ಬಿನಂಶ, ಬೇರೆ ಸ್ಟೆರಾಲ್‌ಗಳು ಎಲ್ಲಾ ಇರುತ್ತವೆ. ಹಾಗಾಗಿ ಅಂಕಿ ಜಾಸ್ತಿ ಬರುತ್ತದೆ.

ದ್ರಾವಣದ ಅಂಶಗಳನ್ನು ಒಂದೊಂದಾಗಿ ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಹಾಗಲ್ಲ. ಬೇರಿನ ಪುಡಿಯನ್ನು ಮೆಥನಾಲಿನಲ್ಲಿ ಬಿಸಿ ಮಾಡಿ, ಸೋಸಿ, ಅಂಶಗಳನ್ನು ಬೇರ್ಪಡಿಸುವ ಕೊಳವೆಗೆ (ಸಿ18 ಕಾಲಮ್) ಬಿಡುತ್ತೇವೆ. ಒಂದೊಂದು ಅಂಶವೂ ತನ್ನದೇ ಸಮಯಕ್ಕೆ ಹೊರಬರುತ್ತದೆ, 227 ನ್ಯಾನೋಮೀಟರ್ ಬೆಳಕಿನಲ್ಲಿ ಅದರ ಪೀಕ್, ಅಂದರೆ ಗೆರೆಯ ಏರು, ಪರದೆ ಮೇಲೆ ಏಳುತ್ತದೆ. ಶುದ್ಧ ಸ್ಟ್ಯಾಂಡರ್ಡ್ ಜೊತೆ ಹೋಲಿಸಿ ಇದು ವಿಥನೊಲೈಡ್ ಎ, ಇದು ವಿಥನೊಸೈಡ್ 4, ಇಷ್ಟಿಷ್ಟಿದೆ ಅಂತ ಹೇಳಬಹುದು. ಬರೀ ಬೇರಿನ ಪುಡಿಯಲ್ಲಿ ಎಲ್ಲ ಸೇರಿದರೂ ಸಾಮಾನ್ಯವಾಗಿ ಶೇ 1ಕ್ಕಿಂತ ಕಡಿಮೆ. ಅಮೆರಿಕದ ಔಷಧ ಮಾನದಂಡ ಯುಎಸ್‌ಪಿ ಒಣಬೇರಿಗೆ ಕೇಳುವುದು ಕನಿಷ್ಠ ಶೇ 0.3. ಸಾರವಲ್ಲದ ಬರೀ ಪುಡಿಗೆ ಶೇ 5 ಅಂತ ಬರೆದಿದ್ದರೆ ನಾನಂತೂ ನಂಬುವುದಿಲ್ಲ.

ಆದರೆ ಎಚ್‌ಪಿಎಲ್‌ಸಿ ಮಾಡಿದರೂ ಒಟ್ಟು ಅಂಕಿ ಮಾತ್ರ ನೋಡಿದರೆ ಮೋಸ ಹೋಗಬಹುದು. ಬೇರು ಬೇಕೆಂದರೆ ಇಡೀ ಗಿಡ ಕೀಳಬೇಕು, ತೊಳೆದು ಒಣಗಿಸಬೇಕು. ಎಲೆ ಸುಲಭಕ್ಕೆ ಸಿಗುತ್ತದೆ, ಅಗ್ಗ, ಮತ್ತೆ ಅದರಲ್ಲಿ ವಿಥಫೆರಿನ್ ಎ ಅನ್ನುವ ಇನ್ನೊಂದು ವಿಥನೊಲೈಡ್ ಬೇರಿಗಿಂತ ಜಾಸ್ತಿ. ಎಲೆ ಬೆರೆಸಿದರೆ ಒಟ್ಟು ಶೇಕಡಾ ಏರುತ್ತದೆ, ಕಾಗದದ ಮೇಲೆ ಮಾಲು ಇನ್ನೂ ಚೆನ್ನಾಗಿ ಕಾಣುತ್ತದೆ! ನನಗೆ ಸಿಟ್ಟು ಬರುವುದು ಇಲ್ಲೇ. ವಿಥಫೆರಿನ್ ಎ ಜೀವಕೋಶಗಳನ್ನು ಕೊಲ್ಲಬಲ್ಲ ವಸ್ತು, ಅದಕ್ಕೇ ಕ್ಯಾನ್ಸರ್ ಸಂಶೋಧಕರು ಅದರ ಹಿಂದೆ ಬಿದ್ದಿದ್ದಾರೆ. ನಿದ್ದೆ ಬರಲಿ ಅಂತ ದಿನಾ ಅಶ್ವಗಂಧ ಕುಡಿಯುವವರ ಹೊಟ್ಟೆಗೆ ಅದನ್ನು ಸುಮ್ನೆ ಸೇರಿಸುವಂಥದ್ದಲ್ಲ. ಆಯುರ್ವೇದದ ಔಷಧ ಮಾನದಂಡಗಳ ಗ್ರಂಥ (ಫಾರ್ಮಕೋಪಿಯ) ಹೇಳುವುದೂ ಬೇರನ್ನೇ. 2021ರಲ್ಲಿ ಆಯುಷ್ ಸಚಿವಾಲಯವೂ ಎಲೆ ಬಳಸಬೇಡಿ ಎಂದು ತಯಾರಕರಿಗೆ ಸೂಚಿಸಿತು.

ಹಾಗಾಗಿ ನಾವು ಪೀಕ್‌ಗಳ ಒಟ್ಟು ಮೊತ್ತದ ಜೊತೆಗೆ ಅವುಗಳ ಅನುಪಾತವನ್ನೂ ನೋಡುತ್ತೇವೆ. ವಿಥಫೆರಿನ್ ಎ ಪೀಕ್ ಮಾತ್ರ ಉಳಿದವಕ್ಕಿಂತ ಎತ್ತರಕ್ಕೆ ನಿಂತಿದ್ದರೆ ಅನುಮಾನ. ಎಲೆಯಲ್ಲಿರುವ ಫ್ಲೇವನಾಲ್ ಗ್ಲೈಕೊಸೈಡ್‌ ಎಂಬ ರಾಸಾಯನಿಕಗಳೂ ಕಂಡರೆ ಎಲೆ ಬೆರೆತಿದೆ ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಂತೆ.

ಕೊಳ್ಳುವಾಗ ಆ ಬ್ಯಾಚಿನ ಪರೀಕ್ಷಾ ವರದಿ ಕೇಳಿ. ಅದರಲ್ಲಿ ಗಿಡದ ಯಾವ ಭಾಗ, ಯಾವ ವಿಧಾನ, ಒಂದೊಂದು ವಿಥನೊಲೈಡ್ ಎಷ್ಟೆಷ್ಟು ಅನ್ನುವುದು ಇರಬೇಕು. ವಿಥಫೆರಿನ್ ಎ ಪ್ರಮಾಣವನ್ನು ಬೇರೆಯಾಗಿ ಕೊಟ್ಟಿದ್ದಾರಾ ಅಂತಲೂ ನೋಡಿ.