ಕಾಕು ಎಂದರೆ ಕೊಂಕಲ್ಲ

ಮೊನ್ನೆ ನಾಟಕ ವಿಮರ್ಶೆಯೊಂದರಲ್ಲಿ ‘ಕಾಕು, ಕುಹಕಗಳೇ ತುಂಬಿದ ಸಂಭಾಷಣೆ’ ಎಂದು ಓದಿದೆ. ಈ ವರ್ಷ ಇದು ನಾಲ್ಕನೆಯ ಬಾರಿ. ಕಾಕುವಿಗೂ ಕುಹಕಕ್ಕೂ ಇರುವ ನಂಟು ಉಪ್ಪಿಗೂ ಉಪ್ಪಿನಕಾಯಿಗೂ ಇರುವಷ್ಟೇ.

ಶೋಕ, ಭೀತಿ ಮೊದಲಾದವುಗಳಿಂದ ದನಿಯಲ್ಲಿ ಉಂಟಾಗುವ ವಿಕಾರವೇ ಕಾಕು ಎನ್ನುತ್ತದೆ ಸಂಸ್ಕೃತ ನಿಘಂಟು ಅಮರಕೋಶ. (ವಿಕಾರ ಎಂದರೆ ಮಾರ್ಪಾಡು, ಕುರೂಪವಲ್ಲ, ಅದು ಇನ್ನೊಂದು ತಲೆನೋವು.) ಅಳು ಒತ್ತರಿಸಿ ಗಂಟಲು ಕಟ್ಟಿದರೆ ಅದೂ ಕಾಕುವೇ. ನಾಟ್ಯಶಾಸ್ತ್ರ ಇದರಲ್ಲಿ ಎರಡು ಬಗೆ ಮಾಡುತ್ತದೆ. ನಿರಾಕಾಂಕ್ಷದಲ್ಲಿ ಮಾತು ಆಡಿದಲ್ಲಿಗೆ ಮುಗಿಯುತ್ತದೆ. ಸಾಕಾಂಕ್ಷದಲ್ಲಿ ಅರ್ಥ ಇನ್ನೂ ಏನನ್ನೋ ಬೇಡುತ್ತಿರುತ್ತದೆ. ಅದನ್ನು ಕೇಳುವವರೇ ತುಂಬಿಕೊಳ್ಳಬೇಕು.

ಭಟ್ಟನಾರಾಯಣನ ಸಂಸ್ಕೃತ ನಾಟಕ ‘ವೇಣೀಸಂಹಾರ’ದಲ್ಲಿ ಕೌರವರೊಡನೆ ಸಂಧಿಯ ಸುದ್ದಿಗೆ ಕೆರಳಿದ ಭೀಮ ‘ಮಥ್ನಾಮಿ ಕೌರವಶತಂ ಸಮರೇ ನ ಕೋಪಾತ್’ ಎನ್ನುತ್ತಾನೆ. ವ್ಯಾಕರಣ ಹಿಡಿದು ಓದಿದರೆ ‘ಯುದ್ಧದಲ್ಲಿ ಕೋಪದಿಂದ ನೂರು ಕೌರವರನ್ನು ಕಡೆಯುವುದಿಲ್ಲ’. ದನಿ ಹಿಡಿದು ಓದಿದರೆ ‘ಕಡೆಯದೆ ಬಿಡುತ್ತೇನೆಯೇ?’ ‘ಕಾವ್ಯಪ್ರಕಾಶ’ ಬರೆದ ಮಮ್ಮಟ ಕಾಕುವಿಗೆ ಕೊಡುವ ಉದಾಹರಣೆಗಳಲ್ಲಿ ಇದೂ ಒಂದು. ಇದರಲ್ಲಿ ಕುಹಕ ಎಲ್ಲಿದೆ? ಇರುವುದು ಶಪಥ.

ಗೊಂದಲದ ಬೇರು ಬಹುಶಃ ‘ಕಾಕುವಕ್ರೋಕ್ತಿ’ (ದನಿಯ ಬಲದಿಂದ ಮಾತಿಗೆ ಬೇರೆ ಅರ್ಥ ಬರುವುದು) ಎಂಬ ಜೋಡಿಪದದಲ್ಲಿದೆ. ಅಲಂಕಾರಶಾಸ್ತ್ರ ಬರೆದ ರುದ್ರಟ ಅದನ್ನು ಶಬ್ದಾಲಂಕಾರಗಳ ಸಾಲಿಗೆ ಸೇರಿಸಿದ. ‘ಕಾವ್ಯಮೀಮಾಂಸೆ’ಯ ರಾಜಶೇಖರ ಒಪ್ಪಲಿಲ್ಲ: ಕಾಕು ಓದುವ ಬಗೆಗೆ ಸೇರಿದ ಗುಣ, ಅದು ಅಲಂಕಾರ ಹೇಗಾದೀತು ಎಂದ. ನನ್ನ ಮತ ರಾಜಶೇಖರನಿಗೆ. ನಮ್ಮವರು ಮಾತ್ರ ‘ವಕ್ರ’ವನ್ನು ಕಂಡು ಕೊಂಕನ್ನು ಮನೆಗೆ ಕರೆತಂದರು.

ಕಾಕುವಿನ ನಿಜವಾದ ಕೆಲಸ ಒಲಿಸುವುದು. ಅದನ್ನು ನಾನು ನೋಡಿದ್ದು ಸೀರೆ ಅಂಗಡಿಯಲ್ಲಿ. ಅಂಗಡಿಯವರು ರೇಷ್ಮೆ ಸೀರೆಯೊಂದರ ಸೆರಗನ್ನು ಅರ್ಧ ಬಿಡಿಸಿ, ಮತ್ತೆ ಮಡಿಸುತ್ತಾ, ‘ಇದು ನಿಮಗೆ ಬೇಡಮ್ಮಾ’ ಎಂದರು. ಗಡುಸಾಗಿ ಅಂದಿದ್ದರೆ ಅವಮಾನವಾಗುತ್ತಿತ್ತು, ಸಪ್ಪೆಯಾಗಿ ಅಂದಿದ್ದರೆ ಸಲಹೆ. ಅವರ ದನಿ ಕೊನೆಯಲ್ಲಿ ಇಳಿಯಲಿಲ್ಲ; ತುಸು ಎಳೆದು ಹಾಗೆಯೇ ತೂಗುತ್ತಾ ನಿಂತಿತು. ‘ನನಗೇಕೆ ಬೇಡ?’ ಎಂದು ಅಲ್ಲಿ ತುಂಬಿಕೊಂಡವಳು ಅಮ್ಮ. ಅಂಗಡಿಯವರು ಹೊಗಳಿದ್ದರೆ ಹತ್ತು ತಪ್ಪು ಹುಡುಕುತ್ತಿದ್ದಳು. ತಾನೇ ತುಂಬಿಕೊಂಡ ಮಾತಿನ ಜೊತೆ ಚೌಕಾಸಿ ಮಾಡುವುದು ಹೇಗೆ? ಸೀರೆ ಮನೆಗೆ ಬಂತು.

ಆ ವಿಮರ್ಶಕರು ಹೇಳಹೊರಟದ್ದು ಕೊಂಕನ್ನು. ಹಾಗೆಂದೇ ಬರೆಯಬಹುದಿತ್ತು, ಅದೂ ಎರಡೇ ಅಕ್ಷರ.